ಮೃಗದ ಗುರುತು, 666 ಮತ್ತು ಕ್ರಿಸ್ತವಿರೋಧಿ: ಬೈಬಲ್ ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ತಾಯಿ ಚಿಕ್ಕಂದಿನಿಂದ ಸಭೆಗೆ ತಪ್ಪದೆ ಹೋಗುವವರು. ಕೆಲವು ತಿಂಗಳಿಂದ ಅವರ ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಆಧಾರ್ ಸಂಖ್ಯೆಯೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ‘ಮೃಗದ ಗುರುತು’, ಕ್ರಿಸ್ತವಿರೋಧಿ ಈಗಾಗಲೇ ಹುಟ್ಟಿದ್ದಾನೆ ಎಂದು ಹೇಳುತ್ತಿದ್ದಾರೆ. ಅದನ್ನು ನಂಬಿ ಅವರು ಕುಟುಂಬ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬೆರಳಚ್ಚು ಕೊಡಲು ಒಪ್ಪುತ್ತಿಲ್ಲ. ಕ್ರಿಸ್ತವಿರೋಧಿಯ ಬಗ್ಗೆ ಬೈಬಲ್ ನಿಜವಾಗಿ ಏನು ಹೇಳುತ್ತದೆ? ಒಂದೊಂದು ಸಭೆಯಲ್ಲಿ ಒಂದೊಂದು ರೀತಿ ಬೋಧಿಸುವುದೇಕೆ?

ಉತ್ತರ: ನಿಮ್ಮ ತಾಯಿಯವರ ಅಂಜಿಕೆಯನ್ನು ಮನೆಯಲ್ಲಿ ಯಾರೂ ಮೌಢ್ಯವೆಂದು ಹಗುರ ಮಾಡಬಾರದು ಎಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ಕರ್ತನನ್ನು ಬಿಟ್ಟು ಬೇರೊಬ್ಬನ ಪಾಲಾಗಿಬಿಡುತ್ತೇನೋ ಎಂಬ ಭಯ ಅದು. ಭಕ್ತಿಯಿಲ್ಲದವರಿಗೆ ಅಂಥ ಭಯ ಬರುವುದಿಲ್ಲ. ಆದರೆ ಆ ಭಯವನ್ನೇ ಬಂಡವಾಳ ಮಾಡಿಕೊಂಡ ಬೋಧಕರು ವಾಕ್ಯವನ್ನು ಅದರ ಹಿಂದುಮುಂದಿನ ಮಾತುಗಳಿಂದ ಕಿತ್ತು ಓದುತ್ತಿದ್ದಾರೆ. ಹೊಸ ಒಡಂಬಡಿಕೆಯನ್ನು ಕಲಿಸುತ್ತಲೇ ಆಯುಷ್ಯದ ಬಹುಭಾಗ ಕಳೆದಿರುವ ನನಗೆ ಇದು ನೋವಿನ ಸಂಗತಿ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

‘ಕ್ರಿಸ್ತವಿರೋಧಿ’ ಎಂಬ ಪದದಿಂದಲೇ ಹೊರಡೋಣ. ಇಡೀ ಬೈಬಲಿನಲ್ಲಿ ಈ ಪದ ಬರುವುದು ನಾಲ್ಕೇ ವಚನಗಳಲ್ಲಿ, ಒಟ್ಟು ಐದು ಸಲ. ಆ ನಾಲ್ಕೂ ವಚನಗಳಿರುವುದು ಯೋಹಾನನ ಮೊದಲನೆಯ ಮತ್ತು ಎರಡನೆಯ ಪತ್ರಗಳಲ್ಲಿ. ಪ್ರಕಟನೆ ಪುಸ್ತಕದಲ್ಲಿ ಅದು ಒಮ್ಮೆಯೂ ಬರುವುದಿಲ್ಲ ಎಂದರೆ ಅನೇಕ ವಿಶ್ವಾಸಿಗಳು ನಂಬುವುದೇ ಇಲ್ಲ. ತರಗತಿಯಲ್ಲಿ ಈ ಮಾತು ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಪುಟ ತಿರುವಿ ಹುಡುಕುವುದನ್ನು ನಾನು ಕಂಡಿದ್ದೇನೆ. ಪತ್ರದಲ್ಲಿ ಯೋಹಾನನು ಹೇಳುವುದೂ ನಾವು ನಿರೀಕ್ಷಿಸುವ ಮಾತಲ್ಲ. ಕ್ರಿಸ್ತವಿರೋಧಿ ಬರುತ್ತಾನೆಂದು ನೀವು ಕೇಳಿದ್ದೀರಿ, ಈಗಲೇ ಬಹುಮಂದಿ ಕ್ರಿಸ್ತವಿರೋಧಿಗಳು ಎದ್ದಿದ್ದಾರೆ ಎಂದು ಬರೆದು, ಅವರು ಯಾರೆಂಬುದನ್ನೂ ಅವನು ಮುಂದಿನ ವಚನದಲ್ಲೇ ತಿಳಿಸುತ್ತಾನೆ: ಅವರು ನಮ್ಮೊಳಗಿಂದಲೇ ಹೊರಟು ಹೋದವರು. ಯೇಸುವೇ ಕ್ರಿಸ್ತನೆಂಬುದನ್ನು ಅಲ್ಲಗಳೆಯುವವರು, ಅವನು ಮನುಷ್ಯ ಶರೀರದಲ್ಲಿ ಬಂದನೆಂಬುದನ್ನು ಒಪ್ಪದವರು. ಅಂದರೆ ಈ ಪದವನ್ನು ಮೊದಲು ಬರೆದವನ ಕಣ್ಣ ಮುಂದೆ ಇದ್ದದ್ದು ದೂರದ ಯಾವುದೋ ರಾಜನಲ್ಲ. ನಿನ್ನೆಯವರೆಗೂ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಮುರಿದ, ಈಗ ಬೇರೆಯೇ ಬೋಧನೆ ಹಿಡಿದು ಹೊರಟ ಸಭೆಯ ಜನ.

ಇಲ್ಲಿ ನಮ್ಮ ಕನ್ನಡ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಗ್ರೀಕಿನ ‘ಆಂಟಿ’ ಎಂಬುದಕ್ಕೆ ‘ಎದುರಾಗಿ’ ಎಂಬ ಅರ್ಥವಿರುವಂತೆಯೇ ‘ಬದಲಾಗಿ’ ಎಂಬ ಅರ್ಥವೂ ಇದೆ. ‘ವಿರೋಧಿ’ ಎಂದಾಗ ಮೊದಲನೆಯದು ಮಾತ್ರ ಉಳಿಯುತ್ತದೆ. ಎದುರು ನಿಂತು ಬೈಯುವವನನ್ನು ಗುರುತಿಸುವುದು ಸುಲಭ. ಕ್ರಿಸ್ತನ ಜಾಗದಲ್ಲಿ ತಾನೇ ಕುಳಿತು, ಅವನದೇ ಮಾತು ಆಡುತ್ತ, ಅವನಿಗೆ ಸಲ್ಲಬೇಕಾದ ನಂಬಿಕೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವವನನ್ನು ಗುರುತಿಸುವುದು ಕಷ್ಟ. ಈ ಎರಡನೆಯ ಅರ್ಥವನ್ನು ಮರೆತದ್ದರಿಂದಲೇ ನಾವು ಕ್ರಿಸ್ತವಿರೋಧಿಯನ್ನು ಯಾವಾಗಲೂ ಸಭೆಯ ಹೊರಗೆ ಹುಡುಕುತ್ತೇವೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ವಿಡಿಯೋಗಳಲ್ಲಿ ಬರುವ ಆ ಲೋಕಾಧಿಪತಿಯ ಚಿತ್ರ ಎಲ್ಲಿಂದ ಬಂತು? ಅದು ಬೇರೆಬೇರೆ ಕಾಲದ, ಬೇರೆಬೇರೆ ಪುಸ್ತಕಗಳ ಎಳೆಗಳನ್ನು ಒಂದಾಗಿ ಹೊಸೆದು ಮಾಡಿದ ಹಗ್ಗ. ದಾನಿಯೇಲನ 7ನೆಯ ಅಧ್ಯಾಯದಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಏರಿಬರುತ್ತವೆ. ನಾಲ್ಕನೆಯದರ ತಲೆಯಲ್ಲಿ ಬಡಾಯಿ ಕೊಚ್ಚುವ ಒಂದು ಚಿಕ್ಕ ಕೊಂಬು ಮೂಡುತ್ತದೆ. ಕ್ರಿಸ್ತಪೂರ್ವ 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಹೊಲೆಗೆಡಿಸಿ, ನಿತ್ಯಹೋಮವನ್ನು ನಿಲ್ಲಿಸಿದ ನಾಲ್ಕನೆಯ ಅಂತಿಯೋಕಸ್ ಎಂಬ ಅರಸನೇ ಆ ಕೊಂಬು ಎಂದು ಇಂದಿನ ಬಹುತೇಕ ವಿದ್ವಾಂಸರು ಓದುತ್ತಾರೆ. ಪೌಲನ ಹೆಸರಿನ ಎರಡನೆಯ ಥೆಸಲೋನಿಕ ಪತ್ರದಲ್ಲಿ ದೇವಾಲಯದಲ್ಲಿ ಕುಳಿತು ತಾನೇ ದೇವರೆಂದು ಹೇಳಿಕೊಳ್ಳುವ ಅಧರ್ಮಸ್ವರೂಪನ ಪ್ರಸ್ತಾಪವಿದೆ, ಕ್ರಿ.ಶ. 40ರ ಸುಮಾರಿಗೆ ಕಲಿಗುಲ ಚಕ್ರವರ್ತಿ ಅದೇ ದೇವಾಲಯದಲ್ಲಿ ತನ್ನ ಪ್ರತಿಮೆ ನಿಲ್ಲಿಸಲು ಹೊರಟಿದ್ದ ನೆನಪು ಆ ತಲೆಮಾರಿನ ಯೆಹೂದ್ಯರಿಗೆ ಹಸಿಯಾಗಿತ್ತು. ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಎರಡು ಮೃಗಗಳಿವೆ. ಎರಡನೆಯ ಶತಮಾನದ ಕೊನೆಗೆ ಆದಿಸಭೆಯ ಬೋಧಕನಾದ ಇರೆನೇಯಸ್, ಅವನ ಹಿಂದೆಯೇ ಹಿಪ್ಪೊಲಿಟಸ್ ಎಂಬ ಇನ್ನೊಬ್ಬ ಬೋಧಕ, ಕೊಂಬು, ಅಧರ್ಮಸ್ವರೂಪ, ಮೃಗ, ಕ್ರಿಸ್ತವಿರೋಧಿ ಎಲ್ಲವೂ ಒಬ್ಬನೇ ಎಂದು ಜೋಡಿಸಿದರು. ಅಂದಿನಿಂದ ನಾವು ಓದುತ್ತಿರುವುದು ಆ ಜೋಡಣೆಯನ್ನು.

ಈ ಜೋಡಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಅವು ಒಂದನ್ನೊಂದು ಪ್ರತಿಧ್ವನಿಸುತ್ತವೆ ಎಂಬುದು ನಿಜ. ಪ್ರಕಟನೆಯ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ ಇರುವುದು ದಾನಿಯೇಲನ ಮೃಗಗಳನ್ನೇ ಕೂಡಿಸಿದ್ದರಿಂದ. ಆದರೆ ನಿಮ್ಮ ತಾಯಿಯವರನ್ನು ಕಾಡುತ್ತಿರುವ ಗುರುತು ಮತ್ತು ಸಂಖ್ಯೆ ಎರಡೂ ಇರುವುದು ಪ್ರಕಟನೆಯ 13ನೆಯ ಅಧ್ಯಾಯದಲ್ಲಿ. ಎಲ್ಲರೂ ಬಲಗೈಯ ಮೇಲಾಗಲಿ ಹಣೆಯ ಮೇಲಾಗಲಿ ಮೃಗದ ಗುರುತು ಹೊಂದಬೇಕು, ಅದಿಲ್ಲದವನು ಕೊಳ್ಳಲಾರ, ಮಾರಲಾರ, ಮೃಗದ ಸಂಖ್ಯೆ 666, ಅದು ಒಬ್ಬ ಮನುಷ್ಯನ ಸಂಖ್ಯೆ ಎಂಬುದು ಅಲ್ಲಿಯ ಮಾತು. ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಈ ಪುಸ್ತಕ ಮೊದಲು ತಲುಪಿದ್ದು ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ. ಡೊಮಿಷಿಯನ್ ಚಕ್ರವರ್ತಿಯ ಆಳ್ವಿಕೆಯ ಕೊನೆಯಲ್ಲಿ, ಎಂದರೆ ಕ್ರಿ.ಶ. 95ರ ಸುಮಾರಿಗೆ, ಯೋಹಾನನಿಗೆ ಈ ದರ್ಶನವಾಯಿತು ಎಂದು ಇರೆನೇಯಸ್ ಹೇಳುತ್ತಾನೆ. ಆ ಸೀಮೆಯಲ್ಲಿ ಚಕ್ರವರ್ತಿಯ ಪೂಜೆ ಊರಿನ ದಿನನಿತ್ಯದ ವ್ಯವಹಾರದಲ್ಲಿ ಬೆರೆತುಹೋಗಿತ್ತು. ಪೆರ್ಗಮದಲ್ಲಿ ಕ್ರಿಸ್ತಪೂರ್ವ 29ರಿಂದಲೇ ಅಗಸ್ಟಸ್ ಮತ್ತು ರೋಮಾ ದೇವಿಯ ಗುಡಿಗೆ ಅನುಮತಿ ದೊರೆತಿತ್ತು. ಎಫೆಸದಲ್ಲಿ ಡೊಮಿಷಿಯನ್ನನ ಕಾಲದಲ್ಲೇ ಅವನ ಮನೆತನಕ್ಕೊಂದು ದೊಡ್ಡ ಗುಡಿ ಎದ್ದಿತು; ಅಲ್ಲಿದ್ದ ದೈತ್ಯ ಪ್ರತಿಮೆಯ ತಲೆಯನ್ನೂ ತೋಳನ್ನೂ ಇಂದಿಗೂ ಟರ್ಕಿಯ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಕಸುಬುದಾರರ ಸಂಘಗಳ ಊಟಗಳು ದೇವತೆಗಳಿಗೆ ನೈವೇದ್ಯ ಮಾಡಿದ ಊಟಗಳಾಗಿದ್ದವು. ಕೈಯಲ್ಲಿ ಓಡಾಡುವ ನಾಣ್ಯದ ಮೇಲೆ ಚಕ್ರವರ್ತಿಯ ಮುಖ ಮತ್ತು ಅವನ ದೈವತ್ವವನ್ನು ಸಾರುವ ಬಿರುದು ಇರುತ್ತಿದ್ದವು. ಅಲ್ಲಿಗೆ ಹೋಗದ, ಅದಕ್ಕೆ ಕೈ ಮುಗಿಯದ ಒಬ್ಬ ಬಣ್ಣಗಾರನೋ ಚರ್ಮಗಾರನೋ ಮಾರುವುದು ಹೇಗೆ, ಕೊಳ್ಳುವುದು ಹೇಗೆ? ‘ಗುರುತಿಲ್ಲದವನು ಕ್ರಯವಿಕ್ರಯ ಮಾಡಲಾರನು’ ಎಂಬ ಮಾತನ್ನು ಆ ಊರಿನವರು ಕೇಳಿದಾಗ ಅವರಿಗೆ ಎರಡು ಸಾವಿರ ವರ್ಷದಾಚೆಯ ಯಂತ್ರ ನೆನಪಾಗಬೇಕಿರಲಿಲ್ಲ. ತಮ್ಮ ಸಂತೆಬೀದಿ ನೆನಪಾದರೆ ಸಾಕಾಗಿತ್ತು. ಪಕ್ಕದ ಬಿಥೂನ್ಯ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಕೆಲವೇ ವರ್ಷಗಳ ನಂತರ, ಕ್ರಿ.ಶ. 112ರ ಸುಮಾರಿಗೆ, ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರ ನಮಗೆ ಉಳಿದುಬಂದಿದೆ. ಕ್ರೈಸ್ತರೆಂದು ಆಪಾದನೆ ಹೊತ್ತು ಬಂದವರಲ್ಲಿ ಚಕ್ರವರ್ತಿಯ ಪ್ರತಿಮೆಗೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ ಕ್ರಿಸ್ತನನ್ನು ದೂಷಿಸಿದವರನ್ನು ಬಿಟ್ಟುಕಳಿಸಿದೆನೆಂದೂ, ಹಟ ಹಿಡಿದವರಿಗೆ ಮರಣದಂಡನೆ ವಿಧಿಸಿದೆನೆಂದೂ ಅವನು ಅದರಲ್ಲಿ ಬರೆಯುತ್ತಾನೆ.

ಇನ್ನು ಸಂಖ್ಯೆಯ ವಿಚಾರ. ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳೇ ಅಂಕಿಗಳೂ ಆಗಿದ್ದವು. ನಮ್ಮ ಕಟಪಯಾದಿ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಹೆಸರನ್ನು ಬಿಟ್ಟು ಅದರ ಮೊತ್ತವನ್ನು ಹೇಳುವುದು ಆಗ ಬೀದಿಯ ಹುಡುಗರಿಗೂ ಗೊತ್ತಿದ್ದ ಆಟ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿ ನಗರದ ಗೋಡೆಯೊಂದರ ಮೇಲೆ, ಯಾರ ಸಂಖ್ಯೆ 545 ಆಗಿದೆಯೋ ಅವಳನ್ನು ನಾನು ಪ್ರೀತಿಸುತ್ತೇನೆ ಎಂದು ಒಬ್ಬನು ಗೀಚಿಟ್ಟಿದ್ದಾನೆ. ಈಗ ‘ನೀರೋನ್ ಕೈಸರ್’, ಎಂದರೆ ರೋಮಿನ ಚಕ್ರವರ್ತಿ ನೀರೋ, ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ನೋಡಿ: ನೂನ್ 50, ರೇಶ್ 200, ವಾವ್ 6, ಮತ್ತೆ ನೂನ್ 50, ಆಮೇಲೆ ಕೋಫ್ 100, ಸಾಮೆಖ್ 60, ರೇಶ್ 200. ಕೂಡಿದರೆ 666. ಈ ಕಾಗುಣಿತ ನಾವು ಅನುಕೂಲಕ್ಕೆ ಕಟ್ಟಿಕೊಂಡದ್ದಲ್ಲ; ಮೃತಸಮುದ್ರದ ಬಳಿಯ ಮುರಬ್ಬಾತ್ ಕಣಿವೆಯಲ್ಲಿ ದೊರೆತ, ನೀರೋವಿನ ಆಳ್ವಿಕೆಯ ಕಾಲದ ಒಂದು ಅರಮೇಯಿಕ್ ದಸ್ತಾವೇಜಿನಲ್ಲಿ ಅವನ ಹೆಸರು ಹೀಗೆಯೇ ಇದೆ. ಪ್ರಕಟನೆಯ ಕೆಲವು ಪ್ರಾಚೀನ ಪ್ರತಿಗಳಲ್ಲಿ 666ರ ಬದಲು 616 ಎಂದಿದೆ. ಲ್ಯಾಟಿನ್ ಉಚ್ಚಾರದಂತೆ ಕೊನೆಯ ನಕಾರವನ್ನು ಬಿಟ್ಟು ‘ನೀರೋ’ ಎಂದು ಬರೆದರೆ 50 ಕಳೆದು ಉಳಿಯುವುದು ಸರಿಯಾಗಿ 616. ಎರಡು ಪಾಠಾಂತರಗಳನ್ನೂ ಒಂದೇ ಹೆಸರು ವಿವರಿಸುವುದರಿಂದ ಇದು ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗುವ ಓದು. ಕ್ರಿ.ಶ. 64ರ ಬೆಂಕಿಯ ನಂತರ ರೋಮಿನ ಕ್ರೈಸ್ತರನ್ನು ಹಿಂಸಿಸಿ ಕೊಂದವನು ನೀರೋ. 68ರಲ್ಲಿ ಅವನು ಸತ್ತ ಮೇಲೂ ಸತ್ತಿಲ್ಲ, ಮರಳಿ ಬರುತ್ತಾನೆ ಎಂಬ ವದಂತಿ ಪೂರ್ವದ ಪ್ರಾಂತ್ಯಗಳಲ್ಲಿ ಹಬ್ಬಿ, ತಾನೇ ನೀರೋ ಎಂದುಕೊಂಡು ವೇಷಧಾರಿಗಳೂ ಎದ್ದರು. ಮರಣಾಂತಿಕ ಗಾಯ ವಾಸಿಯಾದ ತಲೆಯ ಮಾತು ಪ್ರಕಟನೆಯಲ್ಲಿ ಬರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಷ್ಟಾದರೂ ಇರೆನೇಯಸನಿಗೆ ನೀರೋ ಹೊಳೆಯಲಿಲ್ಲ. ಅವನು ಗ್ರೀಕ್ ಅಕ್ಷರಗಳಲ್ಲಿ ಲೆಕ್ಕ ಹಾಕಿ ‘ಲಾತೀನೋಸ್’, ‘ತೀತಾನ್’ ಮುಂತಾದ ಹೆಸರುಗಳನ್ನು ಪರಿಶೀಲಿಸಿ, ಇಂತಿಂಥವನೇ ಎಂದು ಊಹಿಸಿ ಸಾರುವುದಕ್ಕಿಂತ ಕಾದು ನೋಡುವುದೇ ಕ್ಷೇಮ ಎಂದು ಎಚ್ಚರಿಸಿದನು. ಯೋಹಾನನ ಕಾಲಕ್ಕೆ ನೂರು ವರ್ಷದಷ್ಟೂ ದೂರವಿಲ್ಲದವನೇ ಅಷ್ಟು ಹಿಂಜರಿದಿದ್ದಾನೆ ಎಂಬುದನ್ನು, 1974ರಲ್ಲಿ ಅಂಗಡಿ ಸಾಮಾನಿನ ಮೇಲೆ ಬಾರ್‌ಕೋಡ್ ಬಂದಾಗ ಅದರಲ್ಲಿ 666 ಕಂಡವರು, ಆಮೇಲೆ ಕ್ರೆಡಿಟ್ ಕಾರ್ಡಿನಲ್ಲಿ, ಚಿಪ್ಪಿನಲ್ಲಿ, ಕೊರೊನಾ ಲಸಿಕೆಯಲ್ಲಿ ಕಂಡವರು ಸ್ವಲ್ಪ ಯೋಚಿಸಬೇಕಿತ್ತು.

ಸಭೆಗಳಲ್ಲಿ ಬೋಧನೆ ಏಕೆ ಬೇರೆಬೇರೆ ಎಂದು ಕೇಳಿದ್ದೀರಿ. ಮೊದಲ ಮೂರು ಶತಮಾನಗಳಲ್ಲಿ ಅನೇಕರು ಪ್ರಕಟನೆಯ 20ನೆಯ ಅಧ್ಯಾಯದ ಮಾತನ್ನು ಹಿಡಿದು, ಕ್ರಿಸ್ತನು ಭೂಮಿಯ ಮೇಲೆ ಅಕ್ಷರಶಃ ಸಾವಿರ ವರ್ಷ ಆಳುವನೆಂದು ನಂಬಿದ್ದರು. ಐದನೆಯ ಶತಮಾನದಲ್ಲಿ ಅಗಸ್ಟೀನನು ಆ ಸಾವಿರ ವರ್ಷವೆಂದರೆ ಸಭೆಯ ಈಗಿನ ಕಾಲವೇ ಎಂದು ಬೋಧಿಸಿದನು. ಪಶ್ಚಿಮದ ಸಭೆ ಬಹುಮಟ್ಟಿಗೆ ಅವನನ್ನು ಹಿಂಬಾಲಿಸಿತು. ಅಧರ್ಮಸ್ವರೂಪನನ್ನು ತಡೆಯುತ್ತಿರುವುದು ಏನೆಂದು ಪೌಲನು ಹೇಳುವ ಮಾತು ತನಗೆ ತಿಳಿಯದು ಎಂದು ಅಷ್ಟು ದೊಡ್ಡ ಪಂಡಿತನೇ ನೇರವಾಗಿ ಒಪ್ಪಿಕೊಂಡಿದ್ದಾನೆ. ಮಧ್ಯಯುಗದಲ್ಲಿ ಕ್ರಿಸ್ತವಿರೋಧಿಗೆ ಒಂದು ಜೀವನಚರಿತ್ರೆಯೇ ಬೆಳೆಯಿತು. ಅವನು ದಾನ್ ಕುಲದ ಯೆಹೂದ್ಯನಾಗಿ ಹುಟ್ಟುವನೆಂದು ಹಿಪ್ಪೊಲಿಟಸನ ಕಾಲದಿಂದ ಬಂದ ಮಾತು ಆ ಕಥೆಗಳಲ್ಲಿ ಗಟ್ಟಿಯಾಗಿ, ಯುರೋಪಿನ ಯೆಹೂದ್ಯರ ಮೇಲಿನ ದ್ವೇಷಕ್ಕೆ ಇಂಧನವಾಯಿತು. ಇದನ್ನು ಬರೆಯುವಾಗ ಒಬ್ಬ ಕ್ರೈಸ್ತನಾಗಿ ನನಗೆ ನಾಚಿಕೆಯಾಗುತ್ತದೆ, ಆದರೆ ಮುಚ್ಚಿಡುವಂತಿಲ್ಲ: ಕ್ರಿಸ್ತವಿರೋಧಿ ಇಂಥವನೇ ಎಂದು ಬೆರಳು ತೋರಿಸಿದಾಗಲೆಲ್ಲ ಆ ಬೆರಳಿನ ತುದಿಯಲ್ಲಿ ನಿಂತ ಜನ ಪ್ರಾಣ ತೆತ್ತಿದ್ದಾರೆ.

ಹದಿನಾರನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರನು ಪೋಪರ ಪೀಠವನ್ನೇ ಕ್ರಿಸ್ತವಿರೋಧಿ ಎಂದನು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೂ ಅದನ್ನೇ ಬರೆದಿಟ್ಟಿತು. ಪ್ರಕಟನೆಯು ಸಭೆಯ ಇಡೀ ಚರಿತ್ರೆಯ ನಕ್ಷೆ ಎಂಬ ಓದು ಇದರ ಹಿಂದಿತ್ತು. ಇದಕ್ಕೆ ಉತ್ತರವಾಗಿ ಸ್ಪೇನಿನ ಇಬ್ಬರು ಜೆಸ್ವಿಟ್ ಪಂಡಿತರು ಎರಡು ವಿರುದ್ಧ ದಿಕ್ಕಿಗೆ ಹೊರಟರು. ರಿಬೇರ ಎಂಬವನು 1590ರ ಹೊತ್ತಿಗೆ ಆ ಭವಿಷ್ಯವಾಣಿಗಳಲ್ಲಿ ಹೆಚ್ಚಿನವು ಲೋಕಾಂತ್ಯದ ಕೆಲವೇ ವರ್ಷಗಳಿಗೆ ಸಂಬಂಧಿಸಿದವು ಎಂದನು. ಅಲ್ಕಾಸರ್ ಎಂಬವನ ವ್ಯಾಖ್ಯಾನ 1614ರಲ್ಲಿ ಪ್ರಕಟವಾಗಿ, ಅವುಗಳಲ್ಲಿ ಹೆಚ್ಚಿನವು ಆದಿಸಭೆಯ ಕಾಲದಲ್ಲೇ ನೆರವೇರಿವೆ ಎಂದು ವಾದಿಸಿತು. ಇಂದು ಪ್ರೊಟೆಸ್ಟಂಟ್ ಸಭೆಗಳಲ್ಲಿ ಕೇಳಿಬರುವ ವಾದವಿವಾದಗಳ ಬೇರು ಕ್ಯಾಥೊಲಿಕ್ ಪಂಡಿತರ ಆ ಎರಡು ವ್ಯಾಖ್ಯಾನಗಳಲ್ಲಿಯೂ ಇದೆ.

ನಮ್ಮ ಕರಾವಳಿಗೂ ಈ ಚರಿತ್ರೆಗೂ ಒಂದು ನಂಟಿದೆ. ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಬೆಂಗೆಲ್ (1687-1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಬಹಳ ಶ್ರದ್ಧೆಯಿಂದ ಪರಿಷ್ಕರಿಸಿದ ಮಹಾ ವಿದ್ವಾಂಸ. ಅವನ ಆ ಕೆಲಸಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಅದೇ ಬೆಂಗೆಲ್ ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಕಳೆದು, ಮೃಗದ ಅಂತ್ಯ 1836ರ ಜೂನ್ 18ಕ್ಕೆ ಎಂದು ಲೆಕ್ಕ ಕೊಟ್ಟನು. ಅವನ ಪ್ರಭಾವದಲ್ಲಿ ಬೆಳೆದ ಭಕ್ತರಲ್ಲಿ ಎಷ್ಟೋ ಕುಟುಂಬಗಳು 1817ರಲ್ಲಿ ಮನೆಮಠ ಮಾರಿ, ಆಶ್ರಯದ ನೆಲ ಹುಡುಕಿ ಕಾಕಸಸ್ ಪರ್ವತಗಳ ಕಡೆಗೆ ಹೊರಟವು. ಬಾಸೆಲ್ ಮಿಷನ್ನಿಗೆ ಅತಿ ಹೆಚ್ಚು ಸೇವಕರನ್ನು ಕೊಟ್ಟದ್ದೂ ಅದೇ ಸೀಮೆಯ ಭಕ್ತವಲಯ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದಾಗ ಬೆಂಗೆಲ್ ಹೇಳಿದ ವರ್ಷಕ್ಕೆ ಎರಡೇ ವರ್ಷ ಬಾಕಿಯಿತ್ತು. 1836 ಬಂದು ಹೋಯಿತು, ಲೋಕ ಇದ್ದಂತೆಯೇ ಇತ್ತು. ಅದೇ ವುರ್ಟೆಂಬೆರ್ಗಿನ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟನು. ಕರ್ತನ ಬರೋಣವನ್ನು ಎದುರುನೋಡುವುದು ಮತ್ತು ಅದರ ತಾರೀಕನ್ನು ಹೇಳುವುದು ಎಷ್ಟು ಬೇರೆ ಸಂಗತಿಗಳು ಎಂಬುದು ನನಗೆ ಮನವರಿಕೆಯಾದದ್ದು ಯಾವ ತತ್ತ್ವಗ್ರಂಥದಿಂದಲೂ ಅಲ್ಲ, ಈ ಜನರ ಚರಿತ್ರೆಯಿಂದ.

ಅಮೆರಿಕದಲ್ಲಿ ಮಿಲ್ಲರ್ ಎಂಬ ರೈತ ಬೋಧಕನ ಅನುಯಾಯಿಗಳು ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಎಣಿಸಿ 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕ್ರಿಸ್ತನ ಬರೋಣಕ್ಕಾಗಿ ಕಾದು, ಬೆಳಗಾದಾಗ ಅತ್ತರು. ಆದರೆ ನಿಮ್ಮ ತಾಯಿಯವರ ಮೊಬೈಲಿಗೆ ಬರುತ್ತಿರುವ ಬೋಧನೆ ಮುಖ್ಯವಾಗಿ ಇನ್ನೊಂದು ಮೂಲದ್ದು. ಹತ್ತೊಂಬತ್ತನೆಯ ಶತಮಾನದ ಡಾರ್ಬಿ ಎಂಬ ಆಂಗ್ಲೋ-ಐರಿಷ್ ಬೋಧಕನು ದಾನಿಯೇಲನ ಎಪ್ಪತ್ತು ವಾರಗಳಲ್ಲಿ ಕೊನೆಯ ವಾರವೊಂದನ್ನು (ಒಂದು ವಾರವೆಂದರೆ ಏಳು ವರ್ಷ ಎಂದು ಎಣಿಸಿ) ಕತ್ತರಿಸಿ ಮುಂದಿನ ಕಾಲಕ್ಕೆ ಇಟ್ಟನು. ಮೊದಲು ಸಭೆ ಮೇಘಗಳಲ್ಲಿ ಎತ್ತಲ್ಪಡುತ್ತದೆ, ಆಮೇಲೆ ಏಳು ವರ್ಷದ ಮಹಾಸಂಕಟ, ಅದರಲ್ಲಿ ಕ್ರಿಸ್ತವಿರೋಧಿಯ ಆಳಿಕೆ, ಕೊನೆಗೆ ಸಾವಿರ ವರ್ಷದ ರಾಜ್ಯ ಎಂಬ ಕ್ರಮವನ್ನು ಅವನು ರೂಪಿಸಿದನು. 1909ರಲ್ಲಿ ಅಮೆರಿಕದ ಬೋಧಕ ಸ್ಕೋಫೀಲ್ಡ್ ಇದನ್ನು ಬೈಬಲಿನ ಪುಟಗಳ ಕೆಳಗೆ ಟಿಪ್ಪಣಿಯಾಗಿ ಅಚ್ಚು ಹಾಕಿಸಿದ ಮೇಲೆ ಓದುಗರಿಗೆ ವಾಕ್ಯ ಯಾವುದು, ಟಿಪ್ಪಣಿ ಯಾವುದು ಎಂಬ ಅಂತರವೇ ಮಸುಕಾಯಿತು. ನಮ್ಮ ಅನೇಕ ಪೆಂತೆಕೊಸ್ತ ಮತ್ತು ಬ್ರದರನ್ ಸಭೆಗಳಲ್ಲಿ ಗೋಡೆಗೆ ತೂಗುಹಾಕುವ ಯುಗಗಳ ಪಟ ಈ ಪರಂಪರೆಯದು. ಅದನ್ನು ಬೋಧಿಸುವವರಲ್ಲಿ ನನಗಿಂತ ಭಕ್ತಿವಂತರಾದ ಗೆಳೆಯರಿದ್ದಾರೆ. ಆದರೆ ಇದು ಎರಡು ಶತಮಾನಗಳಷ್ಟು ಹಳೆಯ ಒಂದು ವ್ಯಾಖ್ಯಾನ. ಆದಿಸಭೆಯಿಂದ ಬಂದ ಏಕಮಾತ್ರ ಬೋಧನೆ ಎಂದು ಹೇಳಿದರೆ ಅದು ಸರಿಯಲ್ಲ. ಕ್ಯಾಥೊಲಿಕ್ ಸಭೆ ತನ್ನ ಧರ್ಮೋಪದೇಶದಲ್ಲಿ ಕೊನೆಯ ಶೋಧನೆಯೊಂದನ್ನು, ದೇವರ ಜಾಗದಲ್ಲಿ ಮನುಷ್ಯ ತನ್ನನ್ನೇ ಮೆರೆಸಿಕೊಳ್ಳುವ ಸುಳ್ಳು ಮೆಸ್ಸೀಯತ್ವವನ್ನು ಹೇಳುತ್ತದೆ. ತಾರೀಕನ್ನಾಗಲಿ ಹೆಸರನ್ನಾಗಲಿ ಕೊಡುವುದಿಲ್ಲ.

ಇನ್ನು ಆಧಾರ್. ಪ್ರಕಟನೆಯಲ್ಲಿ ಗುರುತಿನ ಮಾತು ಬರುವ ಕಡೆಗಳನ್ನು ತಾಯಿಯವರ ಜೊತೆ ಕುಳಿತು ಒಂದೊಂದಾಗಿ ಓದಿ: 14ನೆಯ ಅಧ್ಯಾಯದ 9 ಮತ್ತು 11, 16ರ 2, 19ರ 20, 20ರ 4. ಎಲ್ಲ ಕಡೆಯಲ್ಲೂ ಗುರುತಿನ ಜೊತೆಗೆ ಮೃಗದ ಅಥವಾ ಅದರ ವಿಗ್ರಹದ ಆರಾಧನೆ ಇದ್ದೇ ಇದೆ. ತಿಳಿಯದೆ, ಅಪ್ಪಿತಪ್ಪಿ, ಯಾರೋ ಮೋಸದಿಂದ ಅಂಟಿಸಿಬಿಡುವ ಗುರುತು ಅಲ್ಲಿ ಎಲ್ಲಿಯೂ ಇಲ್ಲ. ಹಣೆಯ ಮೇಲಿನ ಗುರುತು ಒಬ್ಬನು ಯಾರ ಭಕ್ತನೆಂಬುದನ್ನು ಹೇಳುತ್ತದೆ ಎಂಬುದನ್ನು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ದೇವರ ಮಾತುಗಳನ್ನು ಕೈಗೂ ಹಣೆಗೂ ಕಟ್ಟಿಕೊಳ್ಳಬೇಕೆಂಬ ಆಜ್ಞೆಯಿದೆ. ಮೃಗದ ಗುರುತು ಅದರ ನಕಲು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಯಾರನ್ನೂ ಆರಾಧಿಸಲು ಕೇಳುವುದಿಲ್ಲ, ಯಾರನ್ನೂ ತೊರೆಯಲು ಹೇಳುವುದಿಲ್ಲ. ನಮ್ಮ ಬೆರಳಚ್ಚು, ಕಣ್ಣಿನ ಗುರುತು ಸರ್ಕಾರದ ಬಳಿ ಎಷ್ಟರಮಟ್ಟಿಗೆ ಇರಬೇಕು ಎಂಬುದು ಗಂಭೀರವಾದ ಪ್ರಶ್ನೆಯೇ, ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕೆ ಕೆಲವು ಮಿತಿಗಳನ್ನೂ ಹಾಕಿದೆ. ಆದರೆ ಅದು ನಾಗರಿಕರ ಹಕ್ಕಿನ ಪ್ರಶ್ನೆ, ರಕ್ಷಣೆಯ ಪ್ರಶ್ನೆಯಲ್ಲ. ತಾಯಿಯವರ ಮನಸ್ಸು ಇನ್ನೂ ಒಪ್ಪದಿದ್ದರೆ ಬೆರಳಚ್ಚಿಗೆ ಒತ್ತಾಯ ಮಾಡಬೇಡಿ. ಅವರನ್ನು ಬ್ಯಾಂಕಿಗೆ ಖುದ್ದಾಗಿ ಕರೆದುಕೊಂಡು ಹೋಗಿ ಕಾಗದದ ಜೀವಿತ ಪ್ರಮಾಣಪತ್ರಕ್ಕೆ ಸಹಿ ಹಾಕಿಸುವ ದಾರಿ ಇದೆ. ಈ ವರ್ಷದ ಪಿಂಚಣಿ ನಿಲ್ಲದಿರಲಿ.

ಕೊನೆಯದಾಗಿ ಒಂದು ಕೆಲಸ ಮಾಡಿ. ಬೈಬಲನ್ನು ಅಧ್ಯಾಯಗಳಾಗಿ ವಿಂಗಡಿಸಿದ್ದು ಹದಿಮೂರನೆಯ ಶತಮಾನದಲ್ಲಿ. ಯೋಹಾನನು ಬರೆದಾಗ 13ನೆಯ ಅಧ್ಯಾಯಕ್ಕೂ 14ನೆಯ ಅಧ್ಯಾಯಕ್ಕೂ ನಡುವೆ ಗೆರೆ ಇರಲಿಲ್ಲ. ವಿಡಿಯೋದವರು 666 ಎಂಬಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನೀವು ಮುಚ್ಚದೆ, ಸಂಜೆಯ ಪ್ರಾರ್ಥನೆಯ ಹೊತ್ತಿಗೆ ತಾಯಿಯವರ ಪಕ್ಕದಲ್ಲಿ ಕುಳಿತು, 13ರ 18ನೆಯ ವಚನದಿಂದ ಉಸಿರು ಬಿಡದೆ 14ರ ಮೊದಲ ವಚನಕ್ಕೆ ಗಟ್ಟಿಯಾಗಿ ಓದಿ. ಅಲ್ಲಿ ಚೀಯೋನ್ ಪರ್ವತದ ಮೇಲೆ ಕುರಿಮರಿ ನಿಂತಿದೆ, ಅದರ ಜೊತೆಯಲ್ಲಿ ಒಂದು ಲಕ್ಷದ ನಲವತ್ತನಾಲ್ಕು ಸಾವಿರ ಮಂದಿ ಇದ್ದಾರೆ, ಅವರ ಹಣೆಗಳ ಮೇಲೂ ಬರೆದಿದೆ: ಕುರಿಮರಿಯ ಹೆಸರು, ಅದರ ತಂದೆಯ ಹೆಸರು. ದೀಕ್ಷಾಸ್ನಾನ ಹೊಂದಿದ ದಿನ ತಮ್ಮ ಹಣೆಯ ಮೇಲೆ ಯಾರ ಹೆಸರು ಬಿತ್ತು ಎಂದು ಅವರನ್ನೇ ಕೇಳಿ.